ಮಣ್ಣು ಕೂಗುವ ಚಮಚ

ಹಾವೇರಿ ಸೀಮೆಯ ಜ್ಯೋತಿಷಿಗಳೆಲ್ಲ ನೊಣ ಹೊಡೆಯುತ್ತಿದ್ದ ಕಾಲವದು. ಹೆಣ್ಣು-ಗಂಡು ಎರಡೂ ಮನೆಯ ಮೆಣಸಿನಕಾಯಿಗೆ ಆ ಸೀಮೆಯ ಮಾಯದ ಚಮಚ ಮುಟ್ಟಿಸಿದರೆ ಸಾಕು, ಕಾಯಿ ಬೆಳೆದ ಹೊಲ ಯಾವುದೆಂದು ಅದು ಏಳೂರಿಗೆ ಕೇಳುವಂತೆ ಕೂಗುತ್ತಿತ್ತು. ಮಣ್ಣು ಕೂಡಿದರೆ ಮದುವೆ, ಇಲ್ಲವಾದರೆ ಇಲ್ಲ.

ಅಂದು ನೀಲವ್ವನ ಮನೆಗೆ ಹೆಣ್ಣು ನೋಡಲು ಗಂಡಿನವರು ಬಂದಿದ್ದರು. ಅವಳ ಬೆಳೆಯನ್ನು ಮಂಗಗಳು ತಿಂದು, ಖಾರಕ್ಕೆ ಊರ ಕೆರೆಯನ್ನೇ ಕುಡಿದು ಬರಿದು ಮಾಡಿದ್ದವು. ತಟ್ಟೆಯಲ್ಲಿದ್ದದ್ದು ಸಂತೆಯ ಕಾಯಿ. ಮಗಳು ಗುರುದೇವಿಯೋ ಹುಡುಗನನ್ನು ನೋಡಿ ಆಗಲೇ ಆ ಕಾಯಿಗಿಂತ ಕೆಂಪಾಗಿದ್ದಳು.

"ನಮ್ಮ ಹೊಲದ ಕಾಯಿ ಕುಟ್ಟಿದ್ರ ಸೂರ್ಯಾನೂ ಸೀನತಾನ್ರಿ, ನೀಲವ್ವಾರ!" ಎಂದು ಹುಡುಗನ ಅಪ್ಪ ಚನಬಸಪ್ಪ ಮೀಸೆ ತಿರುವಿದ.

"ನಮ್ಮದೂ ಸ್ವಂತ ಹೊಲದ್ದರೀ," ಎಂದು ನೀಲವ್ವ ತಟ್ಟೆ ಮುಂದಿಟ್ಟಳು.

ಚಮಚ ಅವಳ ತಟ್ಟೆ ಮುಟ್ಟಿತು. "ಗುಂಟೂರು! ಕಾಲುವೆ ಪಕ್ಕದ ಕರಿಹೊಲ!"

ನೀಲವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಚನಬಸಪ್ಪ ಯಾಕೋ ತನ್ನ ತಟ್ಟೆಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸತೊಡಗಿದ. ಗುರುದೇವಿ ಹಾರಿಬಂದು ಅದಕ್ಕೂ ಚಮಚ ಮುಟ್ಟಿಸಿಯೇಬಿಟ್ಟಳು.

"ಗುಂಟೂರು! ಅದೇ ಹೊಲ, ಅದೇ ಸಾಲು!"

"ನಿಮ್ಮ ಬೆಳೀನೂ ಮಂಗ್ಯಾಗೋಳು ತಿಂದ್ವೇನ್ರೀ?" ನೀಲವ್ವ ಸೆರಗಿನೊಳಗಿಂದಲೇ ಕೇಳಿದಳು.

"ಬಿತ್ತಿದ್ರ ತಿಂತಿದ್ದವ್ರೀ!" ಚನಬಸಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಮಣ್ಣಂತೂ ಕೂಡಿತಲ್ಲ. ಸಕ್ಕರಿ ತರ್ರಿ, ಬೀಗತ್ಯಾರ!"

ನೀಲವ್ವ ಬಟ್ಟಲು ತುಂಬಿ ತಂದಳು. "ನಮ್ಮ ಹೊಲದ ಕಬ್ಬಿನ ಸಕ್ಕರಿ ನೋಡ್ರಿ. ಕೈಲೇ ತಗೊಳ್ರಿ, ಚಮಚ ಬ್ಯಾಡ."