ಮೆಟ್ಟಿಲ ಕೆಳಗಿನ ಜಾಗ

ಮೈಲಪ್ಪ ಮೆಟ್ಟಿಲ ಕೆಳಗಿನಿಂದ ಹನ್ನೊಂದನೆಯ ಮರದ ಹೊಟ್ಟಿನ ಚೀಲವನ್ನು ಎಳೆದು ಹೊರಗೆ ಹಾಕುವಷ್ಟರಲ್ಲಿ ಅಂಗಡಿಯ ಬಾಗಿಲಲ್ಲಿ ನೆರಳು ಬಿತ್ತು. ತಲೆ ಎತ್ತಿ ನೋಡಿದರೆ ಹೊನ್ನೂರಸ್ವಾಮಿ. ನಾಲ್ಕು ತಿಂಗಳ ಮೇಲೆ ಅಂಗಡಿಗೆ ಕಾಲಿಟ್ಟಿದ್ದ. ಬಲಗೈಗೆ ಟವಲು ಸುತ್ತಿಕೊಂಡಿದ್ದ.

"ಬಾರಣ್ಣ," ಎಂದು ಮೈಲಪ್ಪ ಎದ್ದು ನಿಂತ. "ಕರೆಂಟಿಲ್ಲ ಇವತ್ತು," ಎಂದ.

"ಊರಿಗೇ ಇಲ್ಲ ಬಿಡು." ಹೊನ್ನೂರಸ್ವಾಮಿ ಒಳಗೆ ಬಂದು ಸ್ಟೂಲಿನ ಮೇಲೆ ಕುಳಿತ. "ಏನು ನಡಿಸೀದಿ?"

ಹಗರಿಬೊಮ್ಮನಹಳ್ಳಿಯ ಆ ಬಡಗಿ ಅಂಗಡಿ ಇಬ್ಬರದೂ. ಕೆಲಸ ಕಲಿಸಿದವನು ಹೊನ್ನೂರಸ್ವಾಮಿ, ಕಲಿತು ಪಾಲುದಾರನಾದವನು ಮೈಲಪ್ಪ. ಕೈ ಚೊಕ್ಕವಾದರೂ ಮೈಲಪ್ಪನಿಗೊಂದು ಚಾಳಿಯಿತ್ತು. ಕೊಯ್ದು ಮಿಕ್ಕ ತುಂಡನ್ನು ಒಲೆಗೆ ಕೊಡಲು ಮನಸ್ಸು ಬಾರದು, ಎತ್ತಿಡಲು ಪುರಸೊತ್ತು ಸಿಗದು. ಎಲ್ಲಿ ಬಿತ್ತೋ ಅಲ್ಲೇ. ನಾಲ್ಕು ತಿಂಗಳ ಹಿಂದೆ ಅಂಥದೊಂದು ತುಂಡಿಗೆ ಎಡವಿ ಹೊನ್ನೂರಸ್ವಾಮಿ, ಹಲಗೆ ಹೆರೆಯಲು ತಿರುಗುತ್ತಿದ್ದ ರಂದದ ಮಷೀನಿನ ಮೇಲೆ ಬಲಗೈ ಊರಿಬಿಟ್ಟಿದ್ದ. ಮೂರು ಬೆರಳು ಉಳಿಯಲಿಲ್ಲ. ತುಂಡು ಯಾರು ಎಸೆದದ್ದೆಂದು ಅವನು ಕೇಳಲಿಲ್ಲ, ಇವನು ಹೇಳಲಿಲ್ಲ. ಮನೆಗೆ ನೋಡಲು ಹೋದಾಗಲೆಲ್ಲ ಮೈಲಪ್ಪ ಅವನ ಹೆಂಡತಿ ಈರಕ್ಕ ಕೊಟ್ಟ ಚಹಾ ಕುಡಿದು, ಜೋಳದ ಬೆಳೆಯ ಮಾತಾಡಿ ಎದ್ದು ಬರುತ್ತಿದ್ದ.

"ಕಪಾಟು ಮಾಡ್ತೀನಣ್ಣ," ಎಂದ ಈಗ. "ಮೆಟ್ಟಿಲ ಬುಡದಾಗ ಇಷ್ಟು ಜಾಗ ಸುಮ್ನ ಬಿದ್ದೈತಿ. ತುಂಡು, ರೀಪು ಎಲ್ಲಾ ಇದರಾಗ ಹಾಕಿದ್ರ ನೆಲ ಖಾಲಿ ಆಗ್ತೈತಿ."

ಹೊನ್ನೂರಸ್ವಾಮಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದ ನಕ್ಷೆಯನ್ನು ನೋಡುತ್ತ ಕುಳಿತ. ಮೂರಡಿ ಎತ್ತರದ ಚೌಕ ಪೆಟ್ಟಿಗೆ, ಒಳಗೆ ಮೂರು ಖಾನೆ. ನೋಡನೋಡುತ್ತ ಅವನ ಹುಬ್ಬು ಗಂಟಾಯಿತು.

"ಲೇ ಮೈಲ, ಮ್ಯಾಲೆ ಮೆಟ್ಟಿಲು ಸೊಟ್ಟ ಇಳಿದೈತಿ, ಕೆಳಗ ಚೌಕ ಪೆಟಗಿ ಇಟ್ರ ಹೆಂಗಲೇ? ಪೆಟಗಿ ಮ್ಯಾಲೆ ಮೂಲಿ ಉಳೀತೈತಿ, ಬಾಜೂಕ ಉಳೀತೈತಿ. ಆ ಮೂಲ್ಯಾಗ ಮತ್ತ ತುಂಡು ತುರುಕ್ತಿ ನೀನು."

"ಮತ್ತ ಹೆಂಗ ಮಾಡ್ಲಿ?"

"ಕಪಾಟೂ ಮೆಟ್ಟಿಲ ಜೊತಿಗೇ ಇಳೀಬೇಕು. ಎತ್ತರ ಇರೋ ಕಡಿ ಉದ್ದನ್ನ ರೀಪು ನಿಲ್ಲಿಸು. ನಡುವ ಡ್ರಾ ಮಾಡು. ತಗ್ಗಿನ ಕಡಿಗೆ ಚಕ್ರ ಹಚ್ಚಿ ಒಂದು ಉದ್ದನ್ನ ಡ್ರಾ. ಎಳದ್ರ ಪೂರಾ ಹೊರಗ ಬರ್ಬೇಕು. ನಿಂತು ಏನು ನೋಡ್ತಿ, ಟೇಪು ಹಿಡಿ."

ಮೈಲಪ್ಪ ಟೇಪು ಹಿಡಿದ. ಹೊನ್ನೂರಸ್ವಾಮಿ ಮೊದಲು ಕುಳಿತಲ್ಲಿಂದ ಅಳತೆ ಹೇಳಿದ, ಆಮೇಲೆ ಎದ್ದು ನಿಂತು ಹೇಳಿದ, ಆಮೇಲೆ ಮೆಟ್ಟಿಲ ಕೆಳಗೇ ತೂರಿಕೊಂಡು ಹೇಳಿದ. ಮಷೀನುಗಳು ಸುಮ್ಮನಿದ್ದ ಅಂಗಡಿಯಲ್ಲಿ ಸುತ್ತಿಗೆಯ ಸದ್ದು, ಗರಗಸದ ಸದ್ದು, ನಡುನಡುವೆ ಅವನ ಬೈಗುಳ. ಅವರಿವರ ಮನೆಯ ಬಾಗಿಲು, ಕಿಟಕಿ, ಮಂಚಗಳಿಂದ ಮಿಕ್ಕಿದ ಹಲಗೆಗಳೇ ಕಪಾಟಾಗುತ್ತ ಹೋದವು. ಮಧ್ಯಾಹ್ನ ಈರಕ್ಕ ಗಂಡನನ್ನು ಊಟಕ್ಕೆ ಕರೆಯಲು ಬಂದಳು. ಟವಲು ಜಾರಿ ಬಿದ್ದದ್ದು ಅವಳಿಗೆ ಕಂಡಿತು. ಮನೆಯಲ್ಲಿ ಅವಳೆದುರಿಗೂ ಅವನು ಆ ಕೈ ಬಿಚ್ಚುತ್ತಿರಲಿಲ್ಲ. ಅವಳು ಹಾಗೇ ಮನೆಗೆ ಹಿಂದಿರುಗಿ, ಇಬ್ಬರಿಗೂ ರೊಟ್ಟಿ ಕಟ್ಟಿ ತಂದಿಟ್ಟು ಹೋದಳು.

ಬಿಸಿಲು ಇಳಿಯುವ ಹೊತ್ತಿಗೆ ಮೈಲಪ್ಪ ನೆಲದ ತುಂಡುಗಳನ್ನು ಒಂದೊಂದಾಗಿ ಆಯ್ದು ಖಾನೆಗೆ ಹಾಕುತ್ತಿದ್ದ. ಮೊಳದುದ್ದದ ಬೇವಿನ ತುಂಡೊಂದು ಕೈಗೆ ಬಂತು. ಅದು ಆ ತುಂಡಲ್ಲ. ಆದರೂ ಒಳಗಿಡಲು ಅವನ ಕೈ ಏಳಲಿಲ್ಲ.

"ಅಣ್ಣ," ಎಂದ, ತಿರುಗಿ ನೋಡದೆ. "ಅವತ್ತು ನಿನ್ನ ಕಾಲಿಗೆ ಸಿಕ್ಕಿದ್ದು ನಾನು ಒಗದ ತುಂಡು."

"ಗೊತ್ತೈತಿ."

ಹೊರಗೆ ರಸ್ತೆಯಲ್ಲಿ ತಂಬ್ರಹಳ್ಳಿಯ ಕಡೆ ಹೊರಟ ಬಸ್ಸು ಹಾರ್ನು ಹೊಡೆಯುತ್ತ ಹೋಯಿತು. ಹೊನ್ನೂರಸ್ವಾಮಿ ಸ್ಟೂಲು ಎಳೆದುಕೊಂಡು ಕುಳಿತ.

"ಆಸ್ಪತ್ರ್ಯಾಗ ಇದ್ದಷ್ಟು ದಿನ ನಿನ್ನ ಮ್ಯಾಲೆ ಸಿಟ್ಟಿತ್ತು. ಸುಳ್ಳು ಯಾಕ ಹೇಳ್ಲಿ? ಮನಿಗೆ ಬಂದು ಕುಂತ ಮ್ಯಾಲೆ ನೆನಪಾತು. ಅವತ್ತು ಮುಂಜಾನಿಂದ ಆ ತುಂಡು ನನ್ನ ಕಣ್ಣಿಗೆ ಬಿದ್ದಿತ್ತು ಮೈಲ. ಎರಡು ಸಲ ದಾಟಿದೆ. ನಾ ಯಾಕ ಬಗ್ಲಿ, ಒಗದಾವನೇ ಎತ್ತಲಿ ಅಂತ." ಅವನು ಗೋಡೆ ನೋಡಿದ. "ಅದನ್ನ ನಿನ್ನ ಮುಂದ ಹೇಳಾಕ ಆಗದ ಈ ಕಡಿ ಬರಲಿಲ್ಲ."

ಮೈಲಪ್ಪ ಬೇವಿನ ತುಂಡನ್ನು ಖಾನೆಯೊಳಗಿಟ್ಟ.

ಚಕ್ರದ ಡ್ರಾಕ್ಕೆ ಮುಂಭಾಗದ ಹಲಗೆ ಕೊಯ್ಯುವುದೊಂದು ಉಳಿದಿತ್ತು. "ಪೆನ್ಸಿಲ್ ಕೊಡಿಲ್ಲಿ," ಎಂದು ಹೊನ್ನೂರಸ್ವಾಮಿ ಎಡಗೈ ಚಾಚಿದ. ಮೂರು ಬೆರಳಿಲ್ಲದ ಬಲ ಅಂಗೈಯಿಂದ ಮೂಲೆಮಟ್ಟವನ್ನು ಹಲಗೆಗೆ ಒತ್ತಿ ಹಿಡಿದು, ಅಕ್ಷರ ಕಲಿಯುವವನ ಹಾಗೆ ನಿಧಾನವಾಗಿ ಗೆರೆ ಎಳೆದ. ಕೊನೆಗೆ ಬರುವಾಗ ಮಟ್ಟ ಜಾರಿತು. ಗೆರೆ ಒಂದು ನೂಲಿನಷ್ಟು ಸೊಟ್ಟಗಾಯಿತು.

ಇಬ್ಬರೂ ನೋಡಿದರು.

"ಕೊಯ್ಯಿ," ಎಂದ ಹೊನ್ನೂರಸ್ವಾಮಿ.

ಮೈಲಪ್ಪ ಕೈಗರಗಸ ತೆಗೆದುಕೊಂಡು, ಗೆರೆ ಎಲ್ಲಿ ನೆಟ್ಟಗಿತ್ತೋ ಅಲ್ಲಿ ನೆಟ್ಟಗೆ, ಎಲ್ಲಿ ಸೊಟ್ಟಗಿತ್ತೋ ಅಲ್ಲಿ ಸೊಟ್ಟಗೆ ಕೊಯ್ದ.