ದನಿಯ ಊರು

ಕಣ್ಣು ಕಟ್ಟಿಸಿಕೊಂಡು ಕುಳಿತಿದ್ದ ಪ್ರಾಧ್ಯಾಪಕರ ತುಟಿಯಿಂದ ರಕ್ತ ಸುರಿಯುತ್ತಿತ್ತು. ಅಪಹರಣಕಾರನು ತನ್ನ ಗುರುತು ಸಿಗದಿರಲೆಂದು ಇಂಗ್ಲಿಷಿನಲ್ಲೇ ಮಾತನಾಡುತ್ತಿದ್ದ.

“ಯಾವ ಸೀಮೆಯವರ ಇಂಗ್ಲಿಷ್ ಹೇಗಿರುತ್ತದೆಂದು ಕಂಪ್ಯೂಟರಿಗೆ ಕಲಿಸಿದ್ದೀರಂತೆ. ಆ ವಿದ್ಯೆ ಈಗ ನಿಮ್ಮನ್ನು ಕಾಯಿತೇ, ಪಂಡಿತರೇ?” ಎಂದು ನಕ್ಕು, ಮತ್ತೊಮ್ಮೆ ಹೊಡೆದ.

ಏಟುಗಳನ್ನೆಲ್ಲ ಸಹಿಸಿದ್ದ ಪ್ರಾಧ್ಯಾಪಕರಿಗೆ ಶಾರದೆಯ ನಿಂದೆ ಸಹ್ಯವಾಗಲಿಲ್ಲ.

“ಕಂಪ್ಯೂಟರ್ ಏಕಯ್ಯಾ? ನನ್ನ ಕಿವಿಯೇ ಸಾಕು. ನೀನು ಹುಟ್ಟಿ ಬೆಳೆದದ್ದು ಪುತ್ತೂರಿನ ಕಡೆ. ಇಂಗ್ಲಿಷ್ ಕಲಿತದ್ದು ಮುಂಬಯಿಯ ಹೋಟೆಲಿನಲ್ಲಿ. ಸುಳ್ಳೋ?”

ಒರೆಯಿಂದ ಕತ್ತಿ ಹಿರಿದ ಸದ್ದು ಕೇಳಿಸಿತು. ಬಳಿಕ ಅವನು ಮೊದಲ ಬಾರಿಗೆ ಕನ್ನಡದಲ್ಲಿ ನುಡಿದ:

“ಛೆ! ನಿಮ್ಮನ್ನು ಸಂಜೆಗೆ ಬಿಡುವ ಅಂತಲೇ ಇದ್ದದ್ದು ಮಾರಾಯ್ರೆ.”