ಈ ವರ್ಷದ ಸೀಟು

ಲಕ್ವ ಹೊಡೆದು ಅಪ್ಪ ಹಾಸಿಗೆ ಹಿಡಿದು ವರ್ಷವಾಗಿತ್ತು. ತಾಯಿಯಿಲ್ಲದ ಮನೆ. ಅವನನ್ನು ಮಗ್ಗುಲು ಹೊರಳಿಸುವುದು, ಮೈ ಒರೆಸುವುದು, ಉಣಿಸುವುದು ಎಲ್ಲ ಮಗಳು ಚಂಪಾಳದೇ. ಹಟ ಹಿಡಿದು ಅವಳಿಂದ ನರ್ಸಿಂಗ್ ಕಾಲೇಜಿಗೆ ಅರ್ಜಿ ಹಾಕಿಸಿದವನು ಅಪ್ಪನೇ.

ದಿನಾ ಅದೇ ಪ್ರಶ್ನೆ. "ಲಿಸ್ಟ್ ಬಂತೇನವ್ವಾ?"

"ಇನ್ನೂ ಇಲ್ಲಪ್ಪಾ."

"ನಿನಗ ಸೀಟ್ ಸಿಗತದೋ ಇಲ್ಲೋ ಅಂತ ನನಗ ಊಟಾನೇ ಸೇರವಲ್ದು."

"ಸುಮ್ನ ಚಿಂತಿ ಮಾಡಬ್ಯಾಡ. ಬಾಯಿ ತೆರಿ."

ಇಂದು ಮಧ್ಯಾಹ್ನ ಅವನು ಮತ್ತೆ ಕೇಳಿದಾಗ ಚಂಪಾ ತಲೆ ತಗ್ಗಿಸಿದಳು. "ಲಿಸ್ಟ್ ಬಂತಪ್ಪಾ. ಅದರಾಗ ನನ್ನ ಹೆಸರಿಲ್ಲ."

ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿ ಅತ್ತ. ಅವಳು ಅವನ ಕೆನ್ನೆ ಒರೆಸಿ, ಫೋನು ಹಿಡಿದು ಹಿತ್ತಲಿಗೆ ಹೋದಳು.

"ಹೌದ್ರಿ ಮೇಡಂ, ಸೇರಾಕ ಇವತ್ತೇ ಕಡೀ ದಿನ ಅಂತ ಗೊತ್ತದರಿ. ನನ್ನ ಸೀಟು ಬ್ಯಾರೆಯವರಿಗೆ ಕೊಟ್ಟುಬಿಡ್ರಿ."